ಅಳಿವೆಯ ಹಕ್ಕಿಗಳು ಅಳಿವಿನಂಚಿಗೆ ಹೋದದ್ದು

ಎಲ್ಲರಿಗೂ ನಮಸ್ಕಾರ,

ಹಕ್ಕಿ ತೋರಿಸಲು ಕರೆದೊಯ್ಯುವ ಒಂದು ದಿನದ ತಿರುಗಾಟಕ್ಕೆ ಎರಡು ಪುಟದ ಬರಹ ಸಿದ್ಧಮಾಡುತ್ತಿದ್ದೇನೆ. ಮೊದಲು ನದಿ ಕಡಲು ಸೇರುವ ಜಾಗ, ಅಂದರೆ ಅಳಿವೆ, ಆಮೇಲೆ ಪಕ್ಕದ ಗದ್ದೆಗಳು. 'ಅಳಿವೆಯ ಹಕ್ಕಿಗಳು' ಅಂತ ತಲೆಬರಹ ಕೊಟ್ಟಿದ್ದೆ. ಕರಡು ತಿದ್ದಿದವರು ಅದನ್ನು 'ಅಳಿವಿನಂಚಿನ ಹಕ್ಕಿಗಳು' ಮಾಡಿ ಕಳಿಸಿದರು. ಪಟ್ಟಿಯಲ್ಲಿ ಮೊದಲ ಹೆಸರೇ ಬೆಳ್ಳಕ್ಕಿ! ಪಾಪ, ಅದಕ್ಕೆ ಅಂಥದ್ದೇನೂ ಆಗಿಲ್ಲ.

ತಿದ್ದಿದವರನ್ನು ದೂರಲಾರೆ. ಕರಾವಳಿಯಲ್ಲಿ ಅಳಿವೆ ದಿನಬಳಕೆಯ ಮಾತು, ಒಳನಾಡಿನ ಕಿವಿಗೆ ಅಷ್ಟು ಪಳಗಿಲ್ಲ. ಅವರು ಬದಲಿಗೆ ಸೂಚಿಸಿದ್ದು 'ನದೀಮುಖಜ ಭೂಮಿ'. ಅದು ಬೇರೆಯೇ. ನದಿ ತಂದ ಹೂಳು ಕಡಲಂಚಿನಲ್ಲಿ ಕೂತು ಬೆಳೆದ ನೆಲ ಅದು, ಪಾಠಪುಸ್ತಕದಲ್ಲಿ ಡೆಲ್ಟಾಕ್ಕೆ ಕೊಟ್ಟ ಹೆಸರು. ಅಳಿವೆಯಲ್ಲಿ ಉಬ್ಬರ ಬಂದಾಗ ಕಡಲೇ ನದಿಯೊಳಕ್ಕೆ ನುಗ್ಗುತ್ತದೆ. ಸಿಹಿನೀರು, ಉಪ್ಪುನೀರು ಬೆರೆಯುತ್ತವೆ. ಮಲಯಾಳದಲ್ಲೂ ಅಳಿಮುಖ ಅಂತ ಇದೆ. ಹಾಗಾಗಿ ಅಳಿವೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಮೊದಲ ಸಲ ಬಂದಾಗ 'ನದಿ ಕಡಲು ಸೇರುವ ಅಳಿವೆ' ಅಂದುಬಿಟ್ಟರೆ ಸಾಕು, ಅಲ್ವಾ? ಅಂದ ಹಾಗೆ, ಅಳಿವೆಗೂ ಅಳಿವಿಗೂ ಬೇರು ಒಂದೇನಾ? ನದಿ ಅಲ್ಲಿ ಅಳಿಯುತ್ತದೆ ಅನ್ನುವ ವಿವರಣೆ ಕೇಳಲು ಚೆಂದ, ಆದರೆ ಚೆಂದದ ವಿವರಣೆಗಳ ಮೇಲೆ ನನಗೆ ಅನುಮಾನ ಜಾಸ್ತಿ.

ವೆಟ್‌ಲ್ಯಾಂಡ್‌ಗೆ, ಅಂದರೆ ನೀರು ನಿಲ್ಲುವ ಇಲ್ಲವೇ ನೀರಿನಲ್ಲಿ ನೆನೆದ ನೆಲಕ್ಕೆ, ಸುಮ್ನೆ 'ಜೌಗು' ಅಂತ ಬರೆದೆ, ಪೂರ್ತಿ ಒಪ್ಪಿಗೆಯಿಲ್ಲದೆ. ಇಂಥ ನೆಲಗಳನ್ನು ಉಳಿಸಲು ದೇಶಗಳು ಮಾಡಿಕೊಂಡ 1971ರ ರಾಮ್ಸಾರ್ ಒಪ್ಪಂದದ ಪ್ರಕಾರ ಇಳಿತದಲ್ಲಿ 6 ಮೀಟರ್ ಆಳದವರೆಗಿನ ಕಡಲ ನೀರೂ ಅದರೊಳಗೆ ಬರುತ್ತದೆ. ಅದನ್ನು ಜೌಗು ಅನ್ನುವುದು ಹೇಗೆ? ಅದರ ಬದಲು 'ತರಿಭೂಮಿ' ಅಂತ ಬರೆದರೆ ರೈತರಿಗೆ ಖುಷ್ಕಿ-ತರಿ-ಬಾಗಾಯ್ತಿನ ನೆನಪು, ಅಂದರೆ ನೀರಾವರಿ ಗದ್ದೆ. ನಮ್ಮ ಬರಹದಲ್ಲಿ ಗದ್ದೆಯೂ ಇರುವುದರಿಂದ ಗೊಂದಲ ಖಂಡಿತ.

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಮೇಲೆ ಕಾಣುವ ಕೆಸರಿನ ನೆಲ ಇದೆಯಲ್ಲ, ಅದಕ್ಕೆ ಏನನ್ನುತ್ತೀರಿ? ತಿರುಗಾಟದ ಜೀವ ಇರುವುದೇ ಅಲ್ಲಿ. ಬಾಗಿದ ಉದ್ದ ಕೊಕ್ಕಿನ ಹಕ್ಕಿ ಮುಖದವರೆಗೂ ಕೊಕ್ಕು ತೂರಿಸಿ ಹುಳು ಎಳೆಯುತ್ತದೆ. ಗಿಡ್ಡ ಕೊಕ್ಕಿನ ಪುಟ್ಟದು ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಸುಮಾರು ಆರು ತಾಸಿನಲ್ಲಿ ಇಳಿತ ಹೋಗಿ ಉಬ್ಬರ ತುಂಬುತ್ತದೆ. ಕಾಲಿಡಲು ಜಾಗ ಇಲ್ಲದಾದಾಗ ಹಿಂಡು ಎದ್ದು ಗದ್ದೆಗಳಿಗೆ ಬರುತ್ತದೆ. ಅದಕ್ಕೇ ನಮ್ಮ ಗೈಡ್ ಗಡಿಯಾರ ನೋಡುವುದಿಲ್ಲ, ಉಬ್ಬರದ ಪಟ್ಟಿ ನೋಡುತ್ತಾರೆ.

'ಕೆಸರುಬಯಲು' ಅಂತ ಬರೆದು ಹೊಡೆದುಹಾಕಿದೆ. ಮಳೆ ನಿಂತ ಮೇಲಿನ ಆಟದ ಮೈದಾನ ಕಣ್ಣಿಗೆ ಬಂತು. ಈಗ 'ಇಳಿತದ ಬಯಲು' ಅಂತ ಇಟ್ಟಿದ್ದೇನೆ. ಅರ್ಥವೇನೋ ಆಗುತ್ತದೆ, ಆದರೆ ಅದು ನಾನು ಕೂತು ಕಟ್ಟಿದ್ದು. ಆ ಕೆಸರಿನಲ್ಲಿ ಇಳಿದು ಚಿಪ್ಪು ಆರಿಸುವವರು, ಬಲೆ ಕಟ್ಟುವವರು ಅದಕ್ಕೊಂದು ಹೆಸರು ಇಟ್ಟಿರಲೇಬೇಕು. ಕೇಳಿದವರು ಇದ್ದರೆ, ಯಾವ ಊರಿನ ಕಡೆಯ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ.