ಅವಕಾಶ ಅಂದ್ರೆ ರಜೆನಾ, ಹಕ್ಕಾ, ಚಾನ್ಸಾ? ಮೂಲ ಅರ್ಥ ಯಾವುದು?

ಅನುವಾದಕಿ_ಬೆಂಗಳೂರು:

ಎಲ್ರಿಗೂ ನಮಸ್ಕಾರ. ನಾನು ಆ್ಯಪ್‌ಗಳಲ್ಲಿ ಬರೋ ಸಾಲುಗಳನ್ನ ಕನ್ನಡಕ್ಕೆ ತರೋ ಕೆಲಸ ಮಾಡ್ತೀನಿ. ಈಗ ಒಂದು ಆಫೀಸ್ ಆ್ಯಪ್ ಬಂದಿದೆ, ಅಟೆಂಡೆನ್ಸು, ಸಂಬಳದ ಸ್ಲಿಪ್ಪು, ರಜೆ ಅರ್ಜಿ ಎಲ್ಲ ಅದರಲ್ಲೇ. ಹಿಂದಿ, ಮರಾಠಿ, ತೆಲುಗು, ಮಲಯಾಳಂ, ಕನ್ನಡ ಐದಕ್ಕೂ ಒಂದೇ ಶೀಟು. ಹಿಂದಿ ಕಾಲಮ್ಮಲ್ಲಿ ಲೀವ್‌ಗೆ "ಅವಕಾಶ್" ಅಂತ ಇದೆ, ಅವರಿಗೆ ಅದು ಸರಿನೇ, ಕ್ಯಾಶುಯಲ್ ಲೀವ್ ಅಂದ್ರೆ ಆಕಸ್ಮಿಕ್ ಅವಕಾಶ್, ಬೇಸಿಗೆ ರಜೆ ಗ್ರೀಷ್ಮಾವಕಾಶ್, ರಿಟೈರ್ ಆದೋರು ಅವಕಾಶ್ ಪ್ರಾಪ್ತ್. ಆದ್ರೆ ಮೇಲಿನೋರು ಹೇಳ್ತಿರೋದು ಏನಂದ್ರೆ ಇದು ಸಂಸ್ಕೃತ ಪದ, ಎಲ್ಲಾ ಭಾಷೇಲೂ ಇದೆ, ಐದೂ ಕಡೆ ಇದನ್ನೇ ಇಟ್ಬಿಡೋಣ, ಎಲ್ಲ ಒಂದೇ ಥರ ಕಾಣ್ಸುತ್ತೆ ಅಂತ.

ಹಾಗೆ ಇಟ್ರೆ ರಜೆ ಖಾಲಿ ಆದಾಗ ಸ್ಕ್ರೀನ್ ಮೇಲೆ ಏನು ಬರುತ್ತೆ ನೋಡಿ. "ನಿಮ್ಮ ಅವಕಾಶ ಮುಗಿದಿದೆ." ಬೆಳಗ್ಗೆ ಫ್ಯಾಕ್ಟರಿ ಗೇಟಲ್ಲಿ ನಿಂತು ಫೋನ್ ನೋಡೋ ಕನ್ನಡದ ಮನುಷ್ಯ ಇದನ್ನ ಓದಿದ್ರೆ ಕೆಲಸನೇ ಹೋಯ್ತು ಅನ್ಕೋತಾನೆ. ಮಲಯಾಳಂ ಕಡೆ ನೋಡ್ಕೊಳೋ ಹುಡುಗಿ ಇನ್ನೂ ಗಾಬರಿ, ನಮ್ಮಲ್ಲಿ ಅವಕಾಶಂ ಅಂದ್ರೆ ಹಕ್ಕು, ಇದು "ನಿಮ್ಮ ಹಕ್ಕು ಮುಗಿಯಿತು" ಅಂತ ಆಗುತ್ತೆ ಅಂದ್ಲು.

ಇದನ್ನ ಮೀಟಿಂಗಲ್ಲಿ ಹೇಳಿದ್ದಕ್ಕೆ ಬಂದ ಉತ್ತರ, ಮೂಲ ಅರ್ಥ ರಜೆನೇ, ದಕ್ಷಿಣದ ಭಾಷೆಗಳು ಬದಲಾಯಿಸ್ಕೊಂಡಿವೆ ಅಂತ. ಇದು ನಿಜಾನಾ? ಗುರುವಾರ ಶೀಟು ಫೈನಲ್ ಆಗುತ್ತೆ, ತಿಳಿದೋರು ದಯವಿಟ್ಟು ಹೇಳಿ, ನಂಗೆ ಗಟ್ಟಿಯಾಗಿ ಮಾತಾಡೋಕೆ ಆಧಾರ ಬೇಕು.

ಮೇಷ್ಟ್ರು_ಶಿವಮೊಗ್ಗ:

ನಿಜ ಅಲ್ಲಮ್ಮ. ಧೈರ್ಯವಾಗಿ ಹೇಳು. ಸಂಸ್ಕೃತದಲ್ಲಿ ಅವಕಾಶ ಅಂದ್ರೆ ಮೊದಲಿಗೆ ಎಡೆ, ತೆರಪು, ಜಾಗ. "ಅವ" ಅನ್ನೋ ಉಪಸರ್ಗ, "ಕಾಶ್" ಧಾತು, ಕಾಣು ಹೊಳೆ ಅನ್ನೋ ಅರ್ಥದ್ದು. ಆಕಾಶ, ಪ್ರಕಾಶ ಎಲ್ಲ ಅದೇ ಧಾತುವಿಂದ ಬಂದಿದ್ದು. ಅಡ್ಡ ಏನೂ ಇಲ್ಲದೆ ಬಯಲಾಗಿ ಕಾಣೋ ಜಾಗ ಅಂತ ಇಟ್ಕೊ. ಜೈನ ದರ್ಶನದಲ್ಲಿ ಆರು ದ್ರವ್ಯ, ಅಂದ್ರೆ ಮೂಲ ವಸ್ತು, ಹೇಳ್ತಾರಲ್ಲ, ಅದರಲ್ಲಿ ಆಕಾಶದ ಲಕ್ಷಣನೇ ಉಳಿದ ದ್ರವ್ಯಗಳಿಗೆಲ್ಲ ಅವಕಾಶ ಕೊಡೋದು, ಅಂದ್ರೆ ಇರೋಕೆ ಎಡೆ ಕೊಡೋದು. ಅಲ್ಲಿ ಚಾನ್ಸೂ ಇಲ್ಲ, ರಜೆಯೂ ಇಲ್ಲ.

ಜಾಗದ ತೆರಪು ಆಮೇಲೆ ಕಾಲದ ತೆರಪಾಯ್ತು. ಎರಡು ಕೆಲಸದ ನಡುವೆ ಖಾಲಿ ಬಿದ್ದ ಹೊತ್ತು. ಬಂಗಾಳಿಯವರು ಹೆಚ್ಚುಕಡಿಮೆ ಅಲ್ಲೇ ನಿಂತ್ರು, ಅವರಿಗೆ ಒಬೋಕಾಶ್ ಅಂದ್ರೆ ಬಿಡುವು, ವಿರಾಮ. ಹಿಂದಿಯವರು ಒಂದು ಹೆಜ್ಜೆ ಮುಂದೆ ಹೋಗಿ ಆ ಬಿಡುವನ್ನ ಆಫೀಸಿನ ರಿಜಿಸ್ಟರಿಗೆ ಏರಿಸಿ ರಜೆ ಮಾಡ್ಕೊಂಡ್ರು. ಹಿಂದಿಯವರದೂ ಮೂಲದಿಂದ ದೂರ ಹೋಗಿರೋ ಅರ್ಥನೇ, ನಮ್ಮದೂ ಹಾಗೇ, ಯಾರದೂ ತಪ್ಪಲ್ಲ. ಆದ್ರೆ ನಮ್ಮದು ಮೂಲ ನಿಮ್ಮದು ಬದಲಾದದ್ದು ಅನ್ನೋ ಮಾತು ಮಾತ್ರ ನಿಲ್ಲೋದಿಲ್ಲ.

ಇನ್ನೊಂದು ವಿಷಯ, ಕನ್ನಡ ಹಳೇದನ್ನ ಬಿಟ್ಟಿಲ್ಲ. "ಸ್ಥಳಾವಕಾಶ ಇಲ್ಲ" ಅಂತೀವಿ, ಅದು ಅಪ್ಪಟ ಹಳೇ ಅರ್ಥ. "ಕಾಲಾವಕಾಶ ಕೊಡಿ" ಅಂತೀವಿ. "ಅವಕಾಶ ಆದಾಗ ಮನೆ ಕಡೆ ಬನ್ನಿ" ಅಂದ್ರೆ ಬಿಡುವಾದಾಗ ಬನ್ನಿ ಅಂತ, ಬಂಗಾಳಿಯವರ ಅರ್ಥ. "ಒಳಗೆ ಪ್ರವೇಶಕ್ಕೆ ಅವಕಾಶವಿಲ್ಲ" ಅಂತ ಬೋರ್ಡ್ ಹಾಕಿದ್ರೆ ಅನುಮತಿ ಇಲ್ಲ ಅಂತ. "ಸಂದೇಹಕ್ಕೆ ಅವಕಾಶವೇ ಇಲ್ಲ" ಅಂದಾಗ ಸಂದೇಹ ತೂರೋಕೂ ಸಂದಿಲ್ಲ ಅಂತ, ಬಂಗಾಳಿಯಲ್ಲೂ ಇದೇ ಮಾತು ಇದೆ, "ಸಂದೇಹೇರ್ ಒಬೋಕಾಶ್ ನೇಯಿ". ಬಿಡಿಯಾಗಿ, ಬೇರೆ ಪದದ ಜೊತೆ ಇಲ್ಲದೆ ಬಂದಾಗ ಮಾತ್ರ ಅದು ನಮಗೆ ಒಳ್ಳೇ ಸಂದರ್ಭ, ಸದವಕಾಶ. ನಿಮ್ಮ ಆ್ಯಪ್ಪಿನ ತೊಂದರೆ ಇರೋದೇ ಅಲ್ಲಿ, ಅಲ್ಲಿ ಪದ ಬಿಡಿಯಾಗಿ ನಿಂತಿದೆ.

ರಜೆ ಅನ್ನೋ ಪದ ಬಿಡ್ಬೇಡ. ಅದೂ ಹೊರಗಿಂದ ಬಂದದ್ದೇ, ಅರಬ್ಬಿ ಪಾರಸಿ ಕಡೆಯ "ರಜಾ", ಒಪ್ಪಿಗೆ ಅಂತ ಅರ್ಥ. ಮರಾಠಿಯಲ್ಲೂ ಲೀವ್‌ಗೆ ರಜಾ ಅಂತಾರೆ. ಮಜಾ ಏನಂದ್ರೆ ಇಂಗ್ಲಿಷಿನ ಲೀವ್ ಕೂಡ ಮೊದಲಿಗೆ ಅನುಮತಿ ಅನ್ನೋ ಅರ್ಥದ್ದೇ. ಒಪ್ಪಿಗೆ ಪಡೆದು ಹೋಗೋದೇ ರಜೆ, ನಿನ್ನ ಸ್ಕ್ರೀನಲ್ಲಿ ನಡೀತಿರೋದೂ ಅದೇ.

ಸೊಲ್ಲಾಪುರ_ಮಂದಿ:

ಮೇಷ್ಟ್ರು ಮರಾಠಿ ಸುದ್ದಿ ತೆಗದ್ರಲ್ಲ ಅದಕ್ಕ ಬರಿಯಾಕತ್ತೀನ್ರಿ. ನಮ್ಮ ಮನಿಯಾಗ ಕನ್ನಡ, ಓಣಿಯಾಗ ಎರಡೂ, ಸಾಲಿ ಕಲ್ತದ್ದು ಮರಾಠಿಯೊಳಗ. ಮರಾಠಿ ಕಾಲಮ್ಮಿನ್ಯಾಗೂ ಅವಕಾಶ ಹಾಕಬ್ಯಾಡ್ರಿ ಅಂತ ಹೇಳ್ರಿ ಅವರಿಗೆ. ಮರಾಠಿಯೊಳಗ "ಪರೀಕ್ಷೇಲಾ ಅಜೂನ್ ಅವಕಾಶ್ ಆಹೇ" ಅಂದ್ರ ಪರೀಕ್ಷಾಕ್ಕ ಇನ್ನೂ ಟೈಮ್ ಐತಿ ಅಂತ ಆಗ್ತದ. "ಯಥಾವಕಾಶ್" ಅಂದ್ರ ನಿಧಾನಕ್ಕ, ಟೈಮ್ ಬಂದಾಗ. ಮತ್ತ "ಅವಕಾಶಯಾನ್" ಅಂದ್ರ ಏನ್ ಗೊತ್ತೇನ್ರಿ, ಸ್ಪೇಸ್‌ಶಿಪ್! ಅವಕಾಶ್ ಅಂದ್ರ ಮ್ಯಾಲಿನ ಬಾಹ್ಯಾಕಾಶ.

ಗುಜರಾತಿಯೊಳಗ ಇದು ಇನ್ನೂ ಗಟ್ಟಿ. ನಾ ಕೆಲಸಕ್ಕಂತ ಅಹ್ಮದಾಬಾದಿನ್ಯಾಗ ಇದ್ದೆ. 2025ರ ಮಾರ್ಚದಾಗ ಸುನೀತಾ ವಿಲಿಯಮ್ಸ್ ಒಂಬತ್ತು ತಿಂಗಳಾದ ಮ್ಯಾಲ ಭೂಮಿಗೆ ವಾಪಸ್ ಬಂದ್ರಲ್ಲ, ಅವರ ಅಪ್ಪನ ಊರು ಝೂಲಾಸಣ ಅಲ್ಲೇ ಗುಜರಾತಿನ್ಯಾಗ, ಪೇಪರ್ ತುಂಬ ಅವರದ ಸುದ್ದಿ. ಅವರ ಹೆಸರಿನ ಹಿಂದ "ಅವಕಾಶಯಾತ್ರಿ" ಅಂತ ಇರ್ತಿತ್ತು. ನಮ್ಮ ಕನ್ನಡದ ಕಿವಿಗೆ ಅದು ಅವಕಾಶ ಹುಡ್ಕೊಂಡು ಹೊಂಟ ಯಾತ್ರಿಕ ಅನ್ನೋಹಂಗ ಕೇಳಸ್ತದ, ಅವರಿಗೆ ಬಾಹ್ಯಾಕಾಶ ಯಾನಿ. ಮೇಷ್ಟ್ರು ಹೇಳಿದ ಆಕಾಶ ಅವಕಾಶ ಒಂದ ಧಾತು ಅನ್ನೋದು ಅಲ್ಲಿ ಕಣ್ಣಿಗೆ ಕಾಣಸ್ತದ ನೋಡ್ರಿ.

ಅನುವಾದಕಿ_ಬೆಂಗಳೂರು:

ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಸ್ಥಳಾವಕಾಶ ನನ್ನ ತಲೆಗೇ ಬಂದಿರ್ಲಿಲ್ಲ, ದಿನಾ ಬಳಸ್ತೀವಿ. ಸೊಲ್ಲಾಪುರದ ಅಣ್ಣ, ಮರಾಠಿಯೋರಿಗೂ ಇದನ್ನ ಕಳಿಸ್ತೀನಿ. ಮಲಯಾಳಂ ಗೊತ್ತಿರೋರು ಯಾರಾದ್ರೂ ಇದ್ದೀರಾ? ಜಾಗ ಅನ್ನೋದು ಹಕ್ಕು ಹೇಗಾಯ್ತು ಅಂತ ನಂಗೆ ಹೊಳೀತಿಲ್ಲ.

ಕಾಸರಗೋಡು_ಅಕ್ಕ:

ಇದ್ದೇವೆ ಮಾರಾಯ್ತಿ. ನಾವು ಎರಡರ ನಡುವೆಯೇ ಬದುಕುವುದಲ್ವಾ. 1956ರಲ್ಲಿ ರಾಜ್ಯ ಭಾಗ ಮಾಡುವಾಗ ನಮ್ಮ ಊರು ಕೇರಳಕ್ಕೆ ಹೋಯ್ತು, ಮನೆಯಲ್ಲಿ ಶಾಲೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಮಲಯಾಳ. ನಿಮಗೆ ಮಾಹಿತಿ ಹಕ್ಕು ಕಾಯ್ದೆ ಉಂಟಲ್ಲ 2005ರದ್ದು, ಇಲ್ಲಿ ಅದು "ವಿವರಾವಕಾಶ ನಿಯಮಂ". ಮಾನವ ಹಕ್ಕುಗಳ ಆಯೋಗ "ಮನುಷ್ಯಾವಕಾಶ ಕಮ್ಮೀಷನ್". ಮತದಾನದ ಹಕ್ಕು "ವೋಟವಕಾಶಂ". ವಾರಸುದಾರ ಅಂದ್ರೆ "ಅವಕಾಶಿ". ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು, ಮಲಯಾಳದಲ್ಲಿ ಅದಕ್ಕೆ "ನ್ಯೂನಪಕ್ಷ" ಅಂತ, ನಮ್ಮವರು ಕನ್ನಡ ಶಾಲೆಗೆ ಕನ್ನಡ ಬಲ್ಲ ಟೀಚರೇ ಬೇಕು ಅಂತ ಹೋರಾಟ ಮಾಡುವಾಗ ಒಂದೇ ಬ್ಯಾನರಿನಲ್ಲಿ ಎರಡು ಭಾಷೆ ಬರೆದರೆ ಕನ್ನಡದಲ್ಲಿ "ಹಕ್ಕು", ಕೆಳಗೆ ಮಲಯಾಳದಲ್ಲಿ "ಅವಕಾಶಂ". ಕನ್ನಡದಲ್ಲಿ ಯಾರಾದರೂ "ನಮಗೆ ಅವಕಾಶ ಕೊಡಿ" ಅಂತ ಬರೆದರೆ ಅದು ಬೇಡಿಕೊಂಡ ಹಾಗೆ, ಮಲಯಾಳದಲ್ಲಿ "ಅವಕಾಶಂ" ಅಂದರೆ ಕೇಳಿ ಪಡೆಯಬೇಕಾದ್ದು. ಇದು ಸಣ್ಣ ವ್ಯತ್ಯಾಸ ಅಲ್ಲ ನಮಗೆ, ಅರ್ಜಿಯ ಧಾಟಿಯೇ ಬದಲಾಗ್ತದೆ.

ಹಕ್ಕು ಹೇಗಾಯ್ತು ಅಂತ ಕೇಳಿದ್ದಕ್ಕೆ ನನಗೆ ಅನ್ನಿಸುವುದು, ಅವಕಾಶಿ ಅನ್ನುವ ಪದವನ್ನೇ ಹಿಡಿದುಕೊಳ್ಳಿ. ಆಸ್ತಿಯಲ್ಲಿ ಯಾರಿಗೆ ಎಡೆ ಉಂಟೋ ಅವನು ಅವಕಾಶಿ. ಕುಟುಂಬದ ಭೂಮಿಯಲ್ಲಿ ನನಗೂ ಒಂದು ಎಡೆ ಉಂಟು ಅನ್ನುವುದೇ ಹಕ್ಕು ಅಲ್ವಾ. ಮೇಷ್ಟ್ರು ಹೇಳಿದ ಜಾಗದ ಅರ್ಥದಿಂದ ಇದು ದೂರ ಏನೂ ಇಲ್ಲ.

ಇನ್ನೊಂದು ಉಂಟು, ಇದನ್ನು ಅನುವಾದ ಮಾಡುವವರು ತಿಳಿಯಲೇಬೇಕು. ಮಲಯಾಳದಲ್ಲಿ "ಅವಕಾಶವಾದಂ" ಅಂದರೆ ಹಕ್ಕುಸ್ಥಾಪನೆ, ಕ್ಲೇಮು. ಎಲೆಕ್ಷನ್ ಆದ ಮೇಲೆ ಇಂಥ ಪಕ್ಷದ ಅವಕಾಶವಾದಂ ಅಂತ ಪೇಪರಿನಲ್ಲಿ ಬಂದರೆ, ಇಷ್ಟು ಸೀಟು ನಮ್ಮದು ಅಂತ ಅವರು ಹೇಳಿಕೊಂಡದ್ದು. ಕನ್ನಡದಲ್ಲಿ ಅವಕಾಶವಾದ ಅಂದರೆ ಸಮಯಸಾಧಕತನ, ಬೈಗುಳದ ಹಾಗೆಯೇ. ಅಕ್ಷರ ಅಕ್ಷರ ಒಂದೇ, ಹಾಗೇ ಎತ್ತಿ ಇಟ್ಟರೆ ಇಡೀ ಸುದ್ದಿಯೇ ತಿರುಗಿ ಬೀಳ್ತದೆ.

ಮತ್ತೆ ನಿಮ್ಮ ಶೀಟಿನ ಮಲಯಾಳಂ ಕಾಲಮ್ಮಿನಲ್ಲಿ "ಅವಧಿ" ಬರಬೇಕು. ನಮಗೆ ಅವಧಿ ಅಂದರೆ ಇಷ್ಟರಿಂದ ಇಷ್ಟರವರೆಗೆ ಅನ್ನುವ ಕಾಲ, ಅವರಿಗೆ ಅವಧಿ ಅಂದರೆ ರಜೆ. ಜೋರು ಮಳೆ ಬಂದರೆ ಮಕ್ಕಳೆಲ್ಲ ಕಲೆಕ್ಟರ ಫೇಸ್‌ಬುಕ್ ಪೇಜಿಗೆ ಹೋಗಿ ನಾಳೆ ಅವಧಿ ಕೊಡಿ ಅಂತ ಕಮೆಂಟ್ ಹಾಕುವುದು ಕೇರಳದಲ್ಲಿ ಮಾಮೂಲು.

ಹೈದರಾಬಾದ್_ವಾಸಿ:

ತೆಲುಗಲ್ಲಿ ಅವಕಾಶಂ ನಮ್ಮ ಥರಾನೇ ಚಾನ್ಸು, ಆದ್ರೆ ಒಂದು ವ್ಯತ್ಯಾಸ ಇದೆ. ಅವರಿಗೆ ಕೆಟ್ಟದ್ದಕ್ಕೂ ನಡೆಯುತ್ತೆ. ನ್ಯೂಸಲ್ಲಿ "ವರ್ಷಾಲು ಕುರಿಸೇ ಅವಕಾಶಂ ಉಂದಿ", "ಪ್ರಮಾದಂ ಜರಿಗೇ ಅವಕಾಶಂ ಉಂದಿ" ಅಂತ ಆರಾಮಾಗಿ ಹೇಳ್ತಾರೆ. ಕನ್ನಡದಲ್ಲಿ ಅಪಘಾತ ಆಗೋ ಅವಕಾಶ ಅಂದ್ರೆ ಕೇಳೋಕಾಗಲ್ಲ, ಸಾಧ್ಯತೆ ಅನ್ಬೇಕು, ಇಲ್ಲಾಂದ್ರೆ ಸಂಭವ. ಈಗೀಗ ಕನ್ನಡದ ಹೆಲ್ತ್ ಪೇಜುಗಳಲ್ಲಿ "ಹಾರ್ಟ್ ಅಟ್ಯಾಕ್ ಆಗುವ ಅವಕಾಶ ಹೆಚ್ಚು" ಅಂತ ಮಷೀನ್ ಅನುವಾದ ಬಂದು ಬೀಳ್ತಿದೆ, ಓದಿದಾಗೆಲ್ಲ ಸಂಕಟ ಆಗುತ್ತೆ, ರೋಗಿ ಮನೆಯವರು ಓದೋ ಸಾಲು ಅದು. ನಿಮ್ಮಂಥೋರು ಕೂತು ಜಗಳ ಆಡ್ತಿರೋದು ಒಳ್ಳೇದೇ, ಬಿಡ್ಬೇಡಿ.

ಹಾಂ ತೆಲುಗು ಕಾಲಮ್ಮಿಗೆ "ಸೆಲವು" ಹಾಕಿಸಿ. ತಮಿಳು ಮುಂದೆ ಬಂದ್ರೆ ಅಲ್ಲಿ "ಅವಗಾಸಂ" ಅಂದ್ರೆ ಗಡುವು ಮುಂದೂಡಿ ಕೊಡೋ ಕಾಲಾವಕಾಶ.

ಬ್ಯಾಂಕಾಕ್_ಕನ್ನಡಿಗ:

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಸೊಲ್ಲಾಪುರದೋರ ಪೋಸ್ಟ್ ನೋಡಿದ್ಮೇಲೆ ಬರೀಲೇಬೇಕು ಅನ್ನಿಸ್ತು. ಥಾಯ್ ಭಾಷೇಲಿ ಈ ಪದ ಎರಡು ಸಲ ಇದೆ! ಒಂದು "ಅವಕಾತ್", ಅಂದ್ರೆ ಬಾಹ್ಯಾಕಾಶ, ಆಸ್ಟ್ರೊನಾಟ್‌ಗೆ "ನಕ್ ಬಿನ್ ಅವಕಾತ್" ಅಂತಾರೆ. ಇನ್ನೊಂದು "ಓಕಾತ್", ಅಂದ್ರೆ ನಮ್ಮ ಕನ್ನಡದ ಅವಕಾಶ, ಚಾನ್ಸ್. ಕೊನೇಲಿ ಬರೋ ಶ, ಸ ಎಲ್ಲ ಅವರ ಬಾಯಲ್ಲಿ ತ್ ಆಗುತ್ತೆ, ಆದ್ರೆ ಬರೆಯುವಾಗ ಹಳೇ ಅಕ್ಷರ ಹಾಗೇ ಉಳಿಸಿದ್ದಾರೆ. ಮೊದಲನೇದು ಸಂಸ್ಕೃತದ ಅವಕಾಶ, ಶ ಇದೆ. ಎರಡನೇದು ಹಳೇ ಬೌದ್ಧ ಗ್ರಂಥಗಳ ಭಾಷೆ ಪಾಲಿಯ ಓಕಾಸ, ಸ ಇದೆ. ಪಾಲಿಯಲ್ಲಿ "ಅವ" ಅನ್ನೋದು "ಓ" ಆಗುತ್ತೆ ಅಷ್ಟೆ, ಪದ ಅದೇ.

ಪಾಲಿಯ ಓಕಾಸಕ್ಕೆ ಅನುಮತಿ ಅನ್ನೋ ಅರ್ಥನೂ ಇದೆ. ಬರ್ಮಾದಲ್ಲಿ ಬೌದ್ಧರು ಬುದ್ಧನ ಮುಂದೆ ಕೈ ಮುಗಿದು ಪ್ರಾರ್ಥನೆ ಶುರು ಮಾಡೋದೇ "ಓಕಾಸ ಓಕಾಸ ಓಕಾಸ" ಅಂತ ಮೂರು ಸಲ ಹೇಳಿ, ಅನುಮತಿ ಕೊಡಿ ಅಂತ ಕೇಳಿಕೊಂಡ ಹಾಗೆ. ಮೇಷ್ಟ್ರು ಹೇಳಿದ "ಪ್ರವೇಶಕ್ಕೆ ಅವಕಾಶವಿಲ್ಲ" ಬೋರ್ಡಿನ ಅರ್ಥ ಅದು. ಅಲ್ಲಿಗೆ ಗುಜರಾತಿನ ಅರ್ಥ, ಕನ್ನಡದ ಅರ್ಥ ಎರಡೂ ಇಲ್ಲಿ ಬೇರೆ ಬೇರೆ ದಾರೀಲಿ ಬಂದು ಒಂದೇ ಡಿಕ್ಷನರೀಲಿ ಕೂತಿವೆ. ಪದ ತಂದೋರು ಸಂಸ್ಕೃತ ಬಲ್ಲ ಪಂಡಿತರು ಒಂದು ಕಡೆ, ಭಿಕ್ಷುಗಳು ಇನ್ನೊಂದು ಕಡೆ. ಈ ಭಾಷೆ ಕಲೀವಾಗ ನಂಗೆ ಹೆಚ್ಚು ಖುಷಿ ಕೊಡೋದು ಇಂಥವೇ.

ಅನುವಾದಕಿ_ಬೆಂಗಳೂರು:

ಎಲ್ರಿಗೂ ದೊಡ್ಡ ನಮಸ್ಕಾರ. ಇಷ್ಟನ್ನೂ ಒಂದು ಪುಟ ಮಾಡಿ ಕಳಿಸಿದೆ, ಒಪ್ಪಿದ್ರು. ಕನ್ನಡಕ್ಕೆ ರಜೆ, ಮರಾಠಿಗೆ ರಜಾ, ತೆಲುಗಿಗೆ ಸೆಲವು, ಮಲಯಾಳಂಗೆ ಅವಧಿ, ಅವಕಾಶ್ ಹಿಂದಿಗೆ ಮಾತ್ರ. ಸಾಲೂ ತಿದ್ದಿದೆ, "ಈ ವರ್ಷದ ರಜೆ ಪೂರ್ತಿ ಬಳಸಿದ್ದೀರಿ" ಅಂತ. ಮುಗಿದಿದೆ ಅನ್ನೋ ಪದಾನೇ ತೆಗೆದೆ, ಅದರಲ್ಲೂ ಒಂಥರಾ ಹೆದರಿಸೋ ಧಾಟಿ ಇತ್ತು.

ಈಗ ಅದೇ ಶೀಟಲ್ಲಿ ಇನ್ನೊಂದು ಸಾಲು ಎದ್ದಿದೆ, "ಅವಸರ್". ಹಿಂದಿಯೋರಿಗೆ ಅದು ಚಾನ್ಸು, ಮಲಯಾಳಂನಲ್ಲೂ ಅವಸರಂ ಅಂದ್ರೆ ಚಾನ್ಸೇ ಅಂತೆ, ತೆಲುಗಲ್ಲಿ ಅಗತ್ಯ, ನಮಗೂ ತಮಿಳಿಗೂ ಅರ್ಜೆಂಟು. ಕೆಲಸ ಖಾಲಿ ಇದೆ ಅನ್ನೋ ಪೇಜಿಗೆ "ಹೊಸ ಅವಸರಗಳು" ಅಂತ ಹಾಕಿದ್ದಾರೆ. ಇದಕ್ಕೂ ಮೇಷ್ಟ್ರೇ ದಿಕ್ಕು.

ಮೇಷ್ಟ್ರು_ಶಿವಮೊಗ್ಗ:

ಆ ಪೇಜಿಗೆ "ಹೊಸ ಅವಕಾಶಗಳು" ಅಂತ ಹಾಕು, ಅಲ್ಲಿ ಅದೇ ಸರಿಯಾದ ಪದ. ಅವಸರಕ್ಕೆ ಸಂಸ್ಕೃತದಲ್ಲಿ ಸಮಯ, ಸಂದರ್ಭ, ತಕ್ಕ ಹೊತ್ತು ಅಂತ ಅರ್ಥ. ಹೊತ್ತು ಬಂತು ಅಂದ್ಮೇಲೆ ಬೇಗ ಮಾಡು ಅನ್ನೋದು ಬರುತ್ತೆ, ನಮ್ಮ ಅರ್ಥ ಹಾಗೆ ಹುಟ್ಟಿರಬೇಕು ಅನ್ನೋದು ನನ್ನ ಅಭಿಪ್ರಾಯ. ಉಡುಪಿ ಕೃಷ್ಣಮಠದ ದಿನದ ಪೂಜೆಗಳಲ್ಲಿ ಒಂದಕ್ಕೆ ಈಗಲೂ "ಅವಸರ ಸನಕಾದಿ ಪೂಜೆ" ಅಂತಲೇ ಹೆಸರು, ಅಲ್ಲಿ ಅದು ಗಡಿಬಿಡಿ ಅಲ್ಲ. ಇದಕ್ಕೆ ಬೇರೆ ಪ್ರಶ್ನೆ ಹಾಕಮ್ಮ, ಕಾಸರಗೋಡಿನ ಅಕ್ಕನೂ ಹೈದರಾಬಾದಿನವರೂ ಅಲ್ಲಿಗೂ ಬರಲಿ.