ಸಂಜೆಯ ಶುಕ್ರನೂ ‘ಬೆಳ್ಳಿ’ಯೇ? ಅದು ‘ಮೂಡುತ್ತದೆ’ಯೇ?

ಬಲ್ಲವರಿಗೆ ನಮಸ್ಕಾರ.

ಬರಿಗಣ್ಣಿನಿಂದ ಗ್ರಹಗಳನ್ನು ಗುರುತಿಸುವ ಬಗೆಯನ್ನು ಕುರಿತು ಮಕ್ಕಳಿಗಾಗಿ ಒಂದು ಕಿರುಬರಹ ಸಿದ್ಧಪಡಿಸುತ್ತಿದ್ದೇನೆ. ‘ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಬೆಳ್ಳಿ ಮೂಡುತ್ತದೆ’ ಎಂದು ಬರೆದೆ. ಮತ್ತೆ ಓದಿದಾಗ ‘ಪಡುವಣ’ಕ್ಕೂ ‘ಮೂಡು’ವುದಕ್ಕೂ ಹೊಂದಾಣಿಕೆಯೇ ಇಲ್ಲವೆನಿಸಿತು. ‘ಬೆಳ್ಳಿ’ಯ ಮೇಲೂ ಅನುಮಾನ ಬಂತು.

ಬೆಳ್ಳಗೆ, ಬೆಳದಿಂಗಳು ಇವುಗಳಲ್ಲಿರುವ ಬಿಳುಪೇ ‘ಬೆಳ್ಳಿ’ಯಲ್ಲಿಯೂ ಇದೆ. ತಮಿಳಿನಲ್ಲಿ ‘ವೆಳ್ಳಿ’ ಎಂದರೆ ಲೋಹವೂ ಹೌದು, ಶುಕ್ರನೂ ಹೌದು, ಶುಕ್ರವಾರವೂ ಹೌದು. ಬಣ್ಣದಿಂದ ಬಂದ ಹೆಸರಿಗೆ ಹೊತ್ತಿನ ಕಟ್ಟುಪಾಡು ಇರಬೇಕಾಗಿಲ್ಲ. ಆದರೂ ‘ಬೆಳ್ಳಿ ಮೂಡುವ ಹೊತ್ತು’ ಎಂದೊಡನೆ ನಮಗೆ ನೆನಪಾಗುವುದು ನಸುಕೇ. ಗ್ರೀಕರು ಈ ತೊಡಕನ್ನು ಸುಲಭವಾಗಿ ಬಿಡಿಸಿಕೊಂಡಿದ್ದರು: ಬೆಳಗಿನದು ಫಾಸ್ಫರಸ್, ಸಂಜೆಯದು ಹೆಸ್ಪರಸ್. ತೆಲುಗಿನ ‘ವೇಗುಚುಕ್ಕ’ದ ಹೆಸರಿನಲ್ಲಿಯೇ ಬೆಳಗು ಸೇರಿಕೊಂಡಿದೆ.

ಇನ್ನು ‘ಮೂಡು’. ಮೊಗದಲ್ಲಿ ನಗು ಮೂಡುತ್ತದೆ, ಗೋಡೆಯ ಮೇಲೆ ಚಿತ್ರ ಮೂಡುತ್ತದೆ. ಅಲ್ಲಿ ಕಾಣಿಸಿಕೊಳ್ಳುವುದಷ್ಟೇ ಅರ್ಥ. ಆಕಾಶದ ಮಾತು ಬಂದಾಗ ಮಾತ್ರ ಅದಕ್ಕೆ ಮೂಡಣದ ನಂಟು ಅಂಟಿಕೊಳ್ಳುತ್ತದೆ. ಸಂಜೆಯ ಶುಕ್ರ ಹಗಲಿನಲ್ಲಿಯೇ, ಸೂರ್ಯನ ಹಿಂದೆಯೇ ಮೂಡಿರುತ್ತದೆ. ಬೆಳಕು ಕುಂದಿದಾಗ ಪಡುವಣದಲ್ಲಿ ಕಣ್ಣಿಗೆ ಬೀಳುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ‘ಮೂಡುತ್ತದೆ’ ಎಂದು ಓದಿದ ಮಗು ಅದು ಮೇಲೇರುವುದನ್ನು ಕಾಯುತ್ತ ಕುಳಿತರೆ ತಪ್ಪು ನನ್ನದೇ.

ಇದು ಬರಿಯ ಮಡಿವಂತಿಕೆಯಲ್ಲ. ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಸರಿಯುವುದಿಲ್ಲ. ಚಾಚಿದ ಕೈಯ ಮುಷ್ಟಿಯಲ್ಲಿ ಅಳೆದರೆ ಹೆಚ್ಚುಕಡಿಮೆ ಐದು ಮುಷ್ಟಿ. ಹಾಗಾಗಿ ಕತ್ತಲಾದ ಮೇಲೆ ಮೂಡಣದಲ್ಲಿ ನಿಜವಾಗಿಯೂ ‘ಮೂಡಿ’ ನಡುರಾತ್ರಿ ನೆತ್ತಿಯ ಕಡೆಗೆ ಏರುವ ಉಜ್ವಲ ಬಿಳಿ ಬೊಟ್ಟು ಶುಕ್ರವಾಗಿರಲು ಸಾಧ್ಯವೇ ಇಲ್ಲ. ಬಹುಮಟ್ಟಿಗೆ ಅದು ಗುರು. ಕ್ರಿಯಾಪದವೊಂದನ್ನು ಸರಿಯಾಗಿ ಬಳಸಿದರೆ ಅರ್ಧ ಗುರುತು ಹಿಡಿದಂತೆಯೇ.

ಅಂದ ಹಾಗೆ, ‘ಗುರು ಮಿನುಗುತ್ತದೆ’ ಎಂದು ಬರೆದದ್ದನ್ನೂ ಹೊಡೆದುಹಾಕಿದೆ. ನಕ್ಷತ್ರ ನಮಗೆ ಬರಿಯ ಬಿಂದು, ಗಾಳಿಯ ಅಲುಗಾಟಕ್ಕೆ ಅದರ ಬೆಳಕು ನಡುಗುತ್ತದೆ. ಗ್ರಹದ್ದು ಪುಟ್ಟ ತಟ್ಟೆ. ದಿಗಂತದ ಅಂಚಿನಲ್ಲಿ ಇಲ್ಲದಿದ್ದರೆ ಸ್ಥಿರವಾಗಿಯೇ ಹೊಳೆಯುತ್ತದೆ. ‘ಮಿನುಗು’ ನಕ್ಷತ್ರಗಳಿಗೆ, ‘ಹೊಳೆ’ ಗ್ರಹಗಳಿಗೆ ಎಂದು ಸದ್ಯಕ್ಕೆ ಹಂಚಿದ್ದೇನೆ. ಹಳೆಯ ಹೆಸರುಗಳಲ್ಲಿ ಇಂತಹ ಸುಳಿವುಗಳು ಬೇಕಾದಷ್ಟಿವೆ: ಕೆಂಡದ ಬಣ್ಣದ ಅಂಗಾರಕ, ಮೆಲ್ಲನೆ ನಡೆಯುವ ಶನೈಶ್ಚರ.

ಶುಕ್ರನಿಗೆ ‘ಸಂಜೆಬೆಳ್ಳಿ’ ಎನ್ನೋಣವೆಂದು ಮನಸ್ಸಿದೆ, ಆದರೆ ಅದು ನಾನೇ ಹೆಣೆದದ್ದು. ಸಂಜೆಯದನ್ನೂ ಬರಿಯ ‘ಬೆಳ್ಳಿ’ ಎಂದು ಕರೆಯುವುದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ, ಅದರ ಜೊತೆಗೆ ಬಂದ ಕ್ರಿಯಾಪದ ಯಾವುದು? ‘ಕಾಣಿಸಿಕೊಳ್ಳುತ್ತದೆ’ ಸರಿಯಾಗಿದೆ ನಿಜ, ಆದರೆ ತೀರ ಸಪ್ಪೆ.