ಮಾಡ್ ತುಂಬಿದ ಸ್ಕೈರಿಮ್‌ಗೆ ಅಪ್‌ಡೇಟ್ ಬಂದಾಗ: ಗೇಮಿಂಗ್ ಕಂಪ್ಯೂಟರ್ ತಂತ್ರಜ್ಞರೊಡನೆ ಪ್ರಶ್ನೋತ್ತರ

ರಾಜಾಜಿನಗರದ ಸದಸ್ಯ: ನಮಸ್ಕಾರ ಸರ್. ನನ್ನ ಸ್ಕೈರಿಮ್ ಸ್ಪೆಷಲ್ ಎಡಿಷನ್ ಆಟ, ಆಟಗಳನ್ನು ಕೊಂಡು ನಡೆಸುವ ಸ್ಟೀಮ್‌ನಲ್ಲಿ ತಾನಾಗಿಯೇ 1.6.640ರಿಂದ 1.6.1170ಕ್ಕೆ ಅಪ್‌ಡೇಟ್ ಆಗಿಬಿಟ್ಟಿತು. ಆಟಕ್ಕೆ ಆಟಗಾರರೇ ತಯಾರಿಸಿದ ಮಾರ್ಪಾಡುಗಳು, ಅಂದರೆ ಮಾಡ್‌ಗಳು, ಇನ್ನೂರಕ್ಕೂ ಹೆಚ್ಚಿವೆ. ಮಾಡ್‌ಗಳಿಗೆ ಹೆಚ್ಚುವರಿ ಸಾಮರ್ಥ್ಯ ಕೊಡುವ ಎಸ್‌ಕೆಎಸ್‌ಇ ಎಂಬ ಸಹಾಯಕ ತಂತ್ರಾಂಶದ ಮೂಲಕ ಆಟ ತೆರೆಯದಿದ್ದುದರಿಂದ, ತೊಂದರೆ ಕೊಡಬಹುದೆನಿಸಿದ ಮಾಡ್‌ಗಳನ್ನೆಲ್ಲ ತೆಗೆದು, ಸ್ಟೀಮ್‌ನಿಂದಲೇ ನೇರವಾಗಿ ಹಳೆಯ ಸೇವ್ ತೆರೆದೆ. ಜೊತೆಗಾರ ಪಾತ್ರಗಳೂ ಮನೆಯಲ್ಲಿಟ್ಟಿದ್ದ ಆಯುಧಗಳೂ ಕಾಣೆಯಾಗಿವೆ. ಹೊಸದಾಗಿ ಆರಂಭಿಸದೆ ದಾರಿಯುಂಟೇ?

ಉತ್ತರ: ಅಪ್‌ಡೇಟ್‌ಗೆ ಪರಿಹಾರವಿದೆ, ಆದರೆ ಮಾಡ್ ತೆಗೆದು ಸೇವ್ ತೆರೆದಿರುವುದು ನನ್ನನ್ನು ಕಳವಳಕ್ಕೀಡುಮಾಡಿದೆ. ಮಾಡ್ ತಂದ ಪ್ರತಿಯೊಂದು ವಸ್ತುವನ್ನೂ ಸೇವ್ ಫೈಲ್ ಒಂದು ಗುರುತುಸಂಖ್ಯೆಯಿಂದ ನೆನಪಿಡುತ್ತದೆ. ಆ ಸಂಖ್ಯೆಯ ಮೊದಲ ಅಂಕಿಗಳು ಅದು ಯಾವ ಪ್ಲಗಿನ್‌ಗೆ, ಅಂದರೆ ಮಾಡ್‌ನ ಮುಖ್ಯ ಫೈಲ್‌ಗೆ, ಸೇರಿದ್ದೆಂದು ಹೇಳುತ್ತವೆ. ಪ್ಲಗಿನ್ ಇಲ್ಲದಾಗ ಸೇವ್ ತೆರೆದರೆ ಆಟ ಆ ವಸ್ತುಗಳನ್ನು ಕೈಬಿಡುತ್ತದೆ, ಅದೇ ಸ್ಥಿತಿಯಲ್ಲಿ ಮತ್ತೆ ಸೇವ್ ಆದರೆ ಹೊಸ ಫೈಲ್‌ನಲ್ಲಿ ಅವು ಇರುವುದೇ ಇಲ್ಲ, ಆಮೇಲೆ ಮಾಡ್ ಮರಳಿ ಹಾಕಿದರೂ ಬರುವುದಿಲ್ಲ. ನೀವಾಗಿ ಸೇವ್ ಮಾಡದಿದ್ದರೂ ಬಾಗಿಲು ದಾಟಿದಾಗ, ಮಲಗಿ ಎದ್ದಾಗ ಆಟೋಸೇವ್ ಆಗಿ, ಹಳೆಯ ಆಟೋಸೇವ್‌ಗಳ ಜಾಗವನ್ನೇ ಆಕ್ರಮಿಸುತ್ತದೆ. ಆದ್ದರಿಂದ ಈಗಲೇ ಆಟ ಮುಚ್ಚಿ, ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್ ಒಳಗಿರುವ ಸೇವ್ಸ್ ಫೋಲ್ಡರನ್ನು ಪೂರ್ತಿಯಾಗಿ ಬೇರೆಡೆಗೆ ನಕಲು ಮಾಡಿ. ಅಪ್‌ಡೇಟ್‌ಗೆ ಮುಂಚೆ ನೀವೇ ಕೈಯಾರೆ ಮಾಡಿದ ಸೇವ್ ಇದೆಯೇ? ಅದರ ಪಕ್ಕದಲ್ಲಿ ಅದೇ ಹೆಸರಿನ ಎಸ್‌ಕೆಎಸ್‌ಇ ಫೈಲ್ ಇದೆಯೇ? ನೋಡಿ ತಿಳಿಸಿ.

ಜಯನಗರದ ಸದಸ್ಯೆ: ನಾನು ಇನ್ನೂ ಸ್ಕೈರಿಮ್‌ನ ಹಳೆಯ ಆವೃತ್ತಿ 1.5.97ರಲ್ಲಿಯೇ ಇದ್ದೇನೆ. ಅಪ್‌ಡೇಟ್ ಮಾಡಬೇಕೇ ಸರ್?

ಉತ್ತರ: ಆಟ ಸರಿಯಾಗಿ ನಡೆಯುತ್ತಿದ್ದರೆ ಬೇಡ. 2021ರ ನವೆಂಬರ್‌ನ ಆನಿವರ್ಸರಿ ಅಪ್‌ಡೇಟ್‌ನಲ್ಲಿ ಆಟದ ಕೋಡನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತರುವ ಕಂಪೈಲರನ್ನೇ ಬದಲಿಸಿದ್ದರಿಂದ, ಆ ಕೋಡ್‌ಗೇ ನೇರವಾಗಿ ಸೇರಿಕೊಳ್ಳುವ ನಿಮ್ಮ ಡಿಎಲ್‌ಎಲ್ ಮಾಡ್‌ಗಳ ಈಗಿನ ಪ್ರತಿಗಳು 1.6ರಲ್ಲಿ ನಡೆಯುವುದು ಕಷ್ಟ. ಹೊಸ ಬಗೆಯ ಪ್ಲಗಿನ್‌ಗಳು ಬೇಕಿದ್ದರೆ, ಅವನ್ನು ಹಳೆಯ ಆವೃತ್ತಿಯಲ್ಲಿಯೂ ತೆರೆಯಲು ನೆರವಾಗುವ ಬೀಸ್ ಎಂಬ ಮಾಡ್ ಹಾಕಿಕೊಳ್ಳಿ.

ಮಲ್ಲೇಶ್ವರದ ಸದಸ್ಯ: ನನಗೂ ಎಸ್‌ಕೆಎಸ್‌ಇ ತೆರೆಯುತ್ತಿಲ್ಲ.

ಉತ್ತರ: 1.6.1170ಕ್ಕೆ ಎಸ್‌ಕೆಎಸ್‌ಇ 2.2.6 ಬೇಕು. ಆಟದ ಕೋಡ್‌ನಲ್ಲಿ ಯಾವುದು ಎಲ್ಲಿದೆಯೆಂದು ಡಿಎಲ್‌ಎಲ್ ಮಾಡ್‌ಗಳಿಗೆ ತಿಳಿಸುವ ಅಡ್ರೆಸ್ ಲೈಬ್ರರಿಯನ್ನೂ ಹೊಸದಾಗಿ ಹಾಕಿ.

ಯಲಹಂಕದ ಸದಸ್ಯ: ಬೇರೊಂದು ಗುಂಪಿನಿಂದ ಬಂದದ್ದು: "ಡೇಟಾ ಫೋಲ್ಡರ್ ಅಳಿಸಿ, ಸ್ಟೀಮ್‌ನಲ್ಲಿ ವೆರಿಫೈ ಒತ್ತಿ, ಸೇವ್ ಕ್ಲೀನರ್‌ನಿಂದ ಸ್ಕ್ರಿಪ್ಟ್‌ಗಳನ್ನೆಲ್ಲ ತೆಗೆಯಿರಿ. ನೂರಕ್ಕೆ ನೂರು ಪರಿಹಾರ. ಎಲ್ಲರಿಗೂ ಕಳುಹಿಸಿ."

ಉತ್ತರ: ಇದನ್ನು ಯಾರೂ ಮಾಡಬೇಡಿ. ಮಾಡ್‌ಗಳನ್ನು ಕೈಯಾರೆ ಹಾಕಿಕೊಂಡವರಿಗೆ ಡೇಟಾ ಫೋಲ್ಡರ್ ಬಿಟ್ಟರೆ ಬೇರೆ ಪ್ರತಿಯಿಲ್ಲ. ವೆರಿಫೈ ಮೂಲ ಆಟದ ಫೈಲ್‌ಗಳನ್ನಷ್ಟೇ ಮರಳಿ ತರುತ್ತದೆ. ಆಟದ ಘಟನೆಗಳನ್ನು ನಡೆಸುವ ಸ್ಕ್ರಿಪ್ಟ್‌ಗಳನ್ನು ಸಾರಾಸಗಟಾಗಿ ತೆಗೆದರೆ ಅರ್ಧಕ್ಕೆ ನಿಂತಿರುವ ಕ್ವೆಸ್ಟ್‌ಗಳ ಕಥೆಯೂ ಮುಗಿಯಿತು. ಕಳುಹಿಸುವ ಮುನ್ನ ನೀವಾದರೂ ಒಮ್ಮೆ ಓದಿದಿರಾ?

ಯಲಹಂಕದ ಸದಸ್ಯ: ನನ್ನ ಸ್ನೇಹಿತನಿಗೆ ಸರಿಹೋಗಿದೆ. ಮಾಡ್ ಆರ್ಗನೈಸರ್ ಇರುವವರಿಗೆ ಏನೂ ಆಗುವುದಿಲ್ಲ.

ಬಸವನಗುಡಿಯ ಸದಸ್ಯ: ಅದು ಮಾಡ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಇಡುತ್ತದೆಂಬುದು ನಿಜ, ಎಲ್ಲರೂ ಅದನ್ನೇ ಬಳಸುತ್ತಾರೆಂದು ತಮಗೆ ಹೇಳಿದವರಾರು? ಪ್ಲಗಿನ್‌ಗಳನ್ನು ತಾನಾಗಿ ಜೋಡಿಸುವ ಲೂಟ್ ತಂತ್ರಾಂಶವನ್ನು ಒತ್ತಿದರೆ ಎಲ್ಲವೂ ಸರಿಹೋಗುತ್ತದೆಂದು ಹಿಂದೆ ಸಾರಿದವರೂ ತಾವೇ.

ಯಲಹಂಕದ ಸದಸ್ಯ: ಲೂಟ್ ಬೇಡವೆನ್ನುವವರು ಇನ್ನೂರು ಪ್ಲಗಿನ್‌ಗಳನ್ನು ಕೈಯಿಂದ ಜೋಡಿಸಿ ತೋರಿಸಲಿ.

ಬಸವನಗುಡಿಯ ಸದಸ್ಯ: ಜೋಡಿಸಿದ್ದೇನೆ. ಲೂಟ್ ಪ್ಲಗಿನ್‌ಗಳ ಕ್ರಮವನ್ನಷ್ಟೇ ನೋಡುತ್ತದೆ. ಒಂದೇ ದಾಖಲೆಯನ್ನು ಎರಡು ಮಾಡ್‌ಗಳು ಬದಲಿಸಿದಾಗ ಯಾವುದರ ಯಾವ ಅಂಶ ಉಳಿಯಬೇಕೆಂಬುದನ್ನು ಎಸ್‌ಎಸ್‌ಇಎಡಿಟ್ ಎಂಬ ಪ್ಲಗಿನ್ ತಿದ್ದುವ ತಂತ್ರಾಂಶದಲ್ಲಿ ತೆರೆದು ನಾವೇ ನಿರ್ಧರಿಸಬೇಕು. ಅದಕ್ಕೆ ವ್ಯವಧಾನ ಬೇಕು.

ಯಲಹಂಕದ ಸದಸ್ಯ: ನಿಮ್ಮಿಂದ ಪಾಠ ಹೇಳಿಸಿಕೊಳ್ಳಲು ನಾನು ಇಲ್ಲಿ ಸೇರಿಲ್ಲ.



ಹೆಬ್ಬಾಳದ ಸದಸ್ಯ: ಸರ್, ಎಸ್‌ಕೆಎಸ್‌ಇ ತೆರೆಯುತ್ತಿಲ್ಲ, ಏನು ಮಾಡಲಿ?

ಉತ್ತರ: ಮೇಲೆ ಓದಿ.

ರಾಜಾಜಿನಗರದ ಸದಸ್ಯ: ಆಟೋಸೇವ್ ಮೂರೂ ಇಂದಿನವೇ. ಆದರೆ ಹಿಂದಿನ ವಾರ ನಾನೇ ಮಾಡಿದ ಒಂದು ಸೇವ್ ಇದೆ, ಎಸ್‌ಕೆಎಸ್‌ಇ ಫೈಲ್ ಕೂಡ ಇದೆ.

ಉತ್ತರ: ಹಾಗಾದರೆ ಬದುಕಿದಿರಿ. ಇಂದಿನ ಸೇವ್‌ಗಳನ್ನು ಮುಟ್ಟಬೇಡಿ. ತೆಗೆದ ಮಾಡ್‌ಗಳನ್ನೆಲ್ಲ ಮೊದಲಿದ್ದ ಕ್ರಮದಲ್ಲಿಯೇ ಮರಳಿ ಹಾಕಿ, ಮೇಲೆ ಹೇಳಿದ ಎಸ್‌ಕೆಎಸ್‌ಇ ಮತ್ತು ಅಡ್ರೆಸ್ ಲೈಬ್ರರಿಯ ನಂತರ ಡಿಎಲ್‌ಎಲ್ ಇರುವ ಮಾಡ್‌ಗಳನ್ನು ಮಾತ್ರ ಒಂದೊಂದಾಗಿ ಪರಿಶೀಲಿಸಿ. ಬರಿಯ ಚಿತ್ರ, ಆಕೃತಿಗಳ ಮಾಡ್‌ಗಳಿಗೆ ಈ ಅಪ್‌ಡೇಟ್‌ನಿಂದ ತೊಂದರೆಯಿಲ್ಲ. ಯಾವುದಾದರೂ ಮಾಡ್‌ನ ಹೊಸ ಆವೃತ್ತಿ ಹಗುರ ಪ್ಲಗಿನ್, ಅಂದರೆ ಇಎಸ್‌ಎಲ್ ಆಗಿ ಬದಲಾಗಿದ್ದರೆ ಅದರ ಗುರುತುಸಂಖ್ಯೆಗಳೂ ಬದಲಾಗಿರುತ್ತವೆ, ಆದ್ದರಿಂದ ಈ ಸೇವ್ ಇರುವವರೆಗೆ ಅದರ ಹಳೆಯ ಪ್ಲಗಿನ್ನನ್ನೇ ಉಳಿಸಿಕೊಳ್ಳಿ. ಸ್ಟೀಮ್‌ನಲ್ಲಿ ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗುವಂತೆ ಬದಲಿಸಿ, ಇನ್ನು ಮುಂದೆ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ತೆರೆಯಿರಿ. ಆಟೋಸೇವ್ ನಿಲ್ಲಿಸಿ ಹಿಂದಿನ ವಾರದ ಸೇವ್ ತೆರೆದು, ಮನೆಗೆ ಹೋಗಿ ಆಯುಧಗಳನ್ನು ನೋಡಿ. ಒಂದು ಕಡಿಮೆಯಾಗಿದ್ದರೂ ಸೇವ್ ಮಾಡದೆ ಹೊರಬಂದು, ಅದು ಯಾವ ಮಾಡ್‌ನದೆಂದು ಬರೆಯಿರಿ.